ದಾಳ ಮುಚ್ಚಬೇಕಾ, ಕತೆ ಮುಚ್ಚಬೇಕಾ? ಆಟ ನಡೆಸುವವರ ಗುಟ್ಟುಗಳ ಲೆಕ್ಕಾಚಾರ

ಹೊಸದಾಗಿ ಆಟ ನಡೆಸಲು ಶುರು ಮಾಡಿದವರು ನನ್ನ ಹತ್ತಿರ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಆಟಗಾರರಿಂದ ಎಷ್ಟು ಮುಚ್ಚಿಡಬೇಕು? ದಾಳವನ್ನು ಪರದೆ ಹಿಂದೆ ಉರುಳಿಸಬೇಕಾ, ಎಲ್ಲರ ಕಣ್ಣೆದುರಿಗಾ? ರಾಕ್ಷಸನಿಗೆ ಇನ್ನೆಷ್ಟು ಜೀವ ಉಳಿದಿದೆ ಅಂತ ಬಾಯಿಬಿಡಬಹುದಾ? ಕಳೆದ ತಿಂಗಳು ಚಿಕ್ಕಮಗಳೂರಿನಿಂದ ಒಬ್ಬರು, ಸಕಲೇಶಪುರದಿಂದ ಇಬ್ಬರು ಇದನ್ನೇ ಕೇಳಿದರು. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಗಂಟಲು ಒಣಗಿತು. ಅದಕ್ಕೇ ಇಲ್ಲಿ ಬರೆದುಬಿಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂದರೆ ಮೇಜಿನ ಸುತ್ತ ಕೂತು ಬಾಯಲ್ಲೇ ಕತೆ ಕಟ್ಟುವ ಆಟ. ಪ್ರತಿ ಆಟಗಾರನಿಗೂ ಒಂದು ಪಾತ್ರ. ಮಿಕ್ಕ ಲೋಕವೆಲ್ಲ, ಅಂದರೆ ಊರು, ಕಾಡು, ಕಳ್ಳ, ದೆವ್ವ, ಅಂಗಡಿಯವನು, ಒಬ್ಬರ ತಲೆ ಮೇಲೆ. ಅವರೇ ಗೇಮ್ ಮಾಸ್ಟರ್. ಏನಾಗುತ್ತೋ ಅಂತ ಅನುಮಾನ ಬಂದ ಕಡೆ ದಾಳ ಉರುಳುತ್ತದೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಈ ಜಾತಿಯ ಆಟಗಳ ಹಿರಿಯಣ್ಣ. ನಮ್ಮ ಚೌಕಾಬಾರದಲ್ಲಿ, ಅಳಗುಳಿ ಮಣೆಯಲ್ಲಿ ಗುಟ್ಟು ಅನ್ನುವುದೇ ಇಲ್ಲ. ಕಾಯಿ, ಕವಡೆ, ಹುಣಸೆಬೀಜ ಎಲ್ಲ ಕಣ್ಣೆದುರೇ. ಇಲ್ಲಿ ಒಬ್ಬರಿಗೆ ಮಾತ್ರ ಎಲ್ಲ ಗೊತ್ತು. ತಕರಾರು ಹುಟ್ಟುವುದೇ ಅಲ್ಲಿಂದ.

ಅಳೆಯುವ ಮೊದಲು ಸೇರು ಯಾವುದು ನೋಡಿ

ಹಾಸನದಲ್ಲಿ ಹುಟ್ಟಿ ಬೆಳೆದವನಿಗೆ ಗುಟ್ಟು ಅಂದರೆ ಮೊದಲು ನೆನಪಾಗುವುದು ಹಾಸನಾಂಬೆಯ ಬಾಗಿಲು. ವರ್ಷವಿಡೀ ಮುಚ್ಚಿರುತ್ತದೆ. ದೀಪಾವಳಿ ಹೊತ್ತಿಗೆ ಕೆಲವು ದಿನ ಮಾತ್ರ ತೆಗೆಯುತ್ತಾರೆ. ಹೋದ ವರ್ಷ ಹಚ್ಚಿಟ್ಟ ದೀಪ ಇನ್ನೂ ಉರಿಯುತ್ತಿರುತ್ತದೆ ಅನ್ನುವುದು ಜನರ ನಂಬಿಕೆ. ಊರಿಗೆ ಊರೇ ಸಾಲಿನಲ್ಲಿ ನಿಲ್ಲುತ್ತದೆ. ಬಾಗಿಲು ಮುಚ್ಚಿದ್ದಕ್ಕೆ ಯಾರಿಗೂ ಬೇಜಾರಿಲ್ಲ. ಯಾಕೆಂದರೆ ತೆಗೆಯುವ ದಿನ ಒಂದಿದೆ ಅಂತ ಎಲ್ಲರಿಗೂ ಗೊತ್ತು.

ನನ್ನ ಮೊದಲ ಅಳತೆ ಇದೇ. ನೀವು ಇಟ್ಟುಕೊಂಡಿರುವ ಗುಟ್ಟಿಗೆ ಬಾಗಿಲು ತೆಗೆಯುವ ದಿನ ಇದೆಯಾ? ಕತೆಯಲ್ಲಿ ಎಸ್ಟೇಟಿನ ರೈಟರನ್ನು, ಅಂದರೆ ಲೆಕ್ಕ ಬರೆಯುವವನನ್ನು, ಕೊಂದವರು ಯಾರು ಅನ್ನುವ ಗುಟ್ಟಿಗೆ ಇದೆ. ನೀವೇ ಅದನ್ನು ಒಂದು ದಿನ ಖುಷಿಯಿಂದ ಬಿಚ್ಚುತ್ತೀರಿ. "ಹೋದ ವಾರ ದಾಳ ಬಿದ್ದದ್ದು ಒಂದು, ನಾನು ಹೇಳಿದ್ದು ಇನ್ನೊಂದು" ಅನ್ನುವ ಗುಟ್ಟಿಗೆ ಅಂಥ ದಿನವೇ ಇಲ್ಲ. ಅದು ಸಾಯುವ ತನಕ ನಿಮ್ಮ ಹೊಟ್ಟೆಯೊಳಗೇ ಇರಬೇಕು.

ಎರಡನೆಯದು, ಆಟಗಾರರ ಆಯ್ಕೆಗೆ ಬೆಲೆ ಉಳಿಯುತ್ತದಾ? ಎಡಕ್ಕೆ ಹೋದರೂ ಬಲಕ್ಕೆ ಹೋದರೂ ನೀವು ಅದೇ ರಾಕ್ಷಸನನ್ನು ಎದುರಿಗೆ ತಂದು ನಿಲ್ಲಿಸಿದರೆ ಅವರು ಅರ್ಧ ಗಂಟೆ ಚರ್ಚೆ ಮಾಡಿದ್ದು ದಂಡ. ಮೂರನೆಯದು, ನಿಮ್ಮ ತಲೆ ಮೇಲೆ ಎಷ್ಟು ಹೊರೆ. ಆಮೇಲೆ ಮೇಜಿನ ಸುತ್ತ ಕೂತವರು ಯಾರು, ಒಂದೇ ಭಾನುವಾರದ ಆಟವಾ, ವರ್ಷಗಟ್ಟಲೆಯದಾ ಅನ್ನುವುದು. ದುಡ್ಡು ಕೊನೆಗೆ ಬರುತ್ತದೆ. ಅದು ನೀವು ಅಂದುಕೊಂಡಷ್ಟು ದೊಡ್ಡ ವಿಷಯ ಅಲ್ಲ.

ಎಲ್ಲವೂ ಪರದೆ ಹಿಂದೆ

ಇದು ಹಳೆಯ ದಾರಿ. ಗೇಮ್ ಮಾಸ್ಟರ್ ಮುಂದೆ ಮಡಚುವ ರಟ್ಟಿನ ಪರದೆ. ಅದರ ಹಿಂದೆ ನಕ್ಷೆ, ಟಿಪ್ಪಣಿ, ದಾಳ. ಗುಟ್ಟು ಕಾಯುವುದಕ್ಕೂ ರಟ್ಟೇ ಬೇಕು ನೋಡಿ! ಇದರ ದೊಡ್ಡ ಆಕರ್ಷಣೆ ಕರುಣೆ. ಹೊಸ ಹುಡುಗನ ಪಾತ್ರ ಮೊದಲ ಅರ್ಧ ಗಂಟೆಯಲ್ಲೇ ಸಾಯುವ ಹಾಗಿದ್ದರೆ ನೀವು ದಾಳ ನೋಡಿ, ಗಂಟಲು ಸರಿಮಾಡಿಕೊಂಡು, "ತಪ್ಪಿಹೋಯ್ತು" ಅಂದುಬಿಡಬಹುದು.

ನಾನೂ ಅಂದಿದ್ದೆ. ವಿದ್ಯಾನಗರದ ನಮ್ಮ ಮನೆ ಹಾಲ್‌ನಲ್ಲಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ನಡೆಯುತ್ತಿತ್ತು. ಎದುರಿಗೆ ಓಗರ್ ಅನ್ನುವ ದೈತ್ಯ. ಐದನೇ ಆವೃತ್ತಿಯ 2014ರ ನಿಯಮದಲ್ಲಿ ಅದರ ಗದೆಯ ಒಂದು ಏಟಿಗೆ ಸರಾಸರಿ 13 ಜೀವದ ಅಂಕ ಹೋಗುತ್ತದೆ. ಅಕ್ಕನ ಮಗನ ಕಳ್ಳ ಪಾತ್ರಕ್ಕೆ ಉಳಿದಿದ್ದದ್ದು 4. ಇಪ್ಪತ್ತು ಮುಖದ ದಾಳ 20 ತೋರಿಸಿತು. ಅಂದರೆ ಏಟಿನ ದಾಳಗಳು ದುಪ್ಪಟ್ಟು. ನಾನು "ಗದೆ ಕಂಬಕ್ಕೆ ಬಡಿಯಿತು" ಅಂದೆ. ಎಲ್ಲರೂ ಉಸಿರು ಬಿಟ್ಟರು. ಅವನು ಮಾತ್ರ ನನ್ನನ್ನೇ ನೋಡುತ್ತಿದ್ದ. ನನ್ನ ಬೆನ್ನ ಹಿಂದೆ ಷೋಕೇಸ್ ಇದೆ. ಅದರ ಗಾಜಿನಲ್ಲಿ ದಾಳ ಕಾಣುತ್ತಿತ್ತು.

ಅವತ್ತು ಏನೂ ಹೇಳಲಿಲ್ಲ. ಮೂರು ವಾರದ ನಂತರ ಅವನೇ ಡ್ರ್ಯಾಗನ್ ಕೊಂದ. ಎಲ್ಲರೂ ಕುಣಿದರು. ಅವನು ಕೇಳಿದ್ದು ಒಂದೇ ಮಾತು: "ಮಾವ, ಇದು ನಿಜವಾಗ್ಲೂ ಬಿತ್ತಾ, ಇಲ್ಲ ನೀವೇ ಬೀಳಿಸಿದ್ರಾ?" ಅದು ನಿಜವಾಗಿಯೂ ಬಿದ್ದಿತ್ತು. ಆದರೆ ಅವನನ್ನು ನಂಬಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಒಂದು ಸೋಲನ್ನು ಕದ್ದರೆ ಮುಂದಿನ ಗೆಲುವುಗಳೂ ಅದರ ಜೊತೆಗೇ ಹೋಗುತ್ತವೆ.

ಹಾಗಂತ ಪರದೆಯೇ ಬೇಡ ಅನ್ನುವುದಿಲ್ಲ. ಹತ್ತು ವರ್ಷದೊಳಗಿನ ಮಕ್ಕಳಿಗೆ, ಹಬ್ಬಕ್ಕೆ ಬಂದ ನೆಂಟರ ಜೊತೆ ಒಂದೇ ಸಂಜೆಯ ಆಟಕ್ಕೆ ಇದು ಸಾಕು. ಅಲ್ಲಿ ಯಾರೂ ಲೆಕ್ಕ ಇಡುವುದಿಲ್ಲ. ಇನ್ನು ಕರುಣೆಯೇ ಬೇಕಿದ್ದರೆ ಸುಳ್ಳು ಹೇಳದೆಯೂ ತೋರಿಸಬಹುದು. ಅದೇ ಓಗರ್‌ನ ಜೀವ ಪುಸ್ತಕದಲ್ಲಿ 59 ಅಂತ ಇದೆ. ಪಕ್ಕದಲ್ಲೇ ಅದನ್ನು ದಾಳದಿಂದ ಹೇಗೆ ಲೆಕ್ಕ ಹಾಕುವುದು ಅಂತಲೂ ಇದೆ: ಹತ್ತು ಮುಖದ ಏಳು ದಾಳ, ಅದಕ್ಕೆ 21 ಸೇರಿಸಿ. ಅಂದರೆ 28ರಿಂದ 91ರ ತನಕ ಎಷ್ಟು ಬೇಕಾದರೂ ಆಗಬಹುದು. ತಂಡ ಸಣ್ಣದಾ, ಸುಸ್ತಾಗಿದೆಯಾ? ಕಾಳಗಕ್ಕೆ ಮೊದಲೇ 35 ಅಂತ ಬರೆದಿಟ್ಟುಕೊಳ್ಳಿ. ಇದು ಮೋಸ ಅಲ್ಲ, ಅಡುಗೆಗೆ ಮುಂಚೆ ಉಪ್ಪಿನ ಅಂದಾಜು. ಬಡಿಸಿದ ಮೇಲೆ ಯಾರೂ ನೋಡದಾಗ ಸಾರಿಗೆ ನೀರು ಹುಯ್ಯುವುದು ಬೇರೆ.

ದಾಳ ಬಯಲು, ಕತೆ ಗುಟ್ಟು

ಷೋಕೇಸ್ ಪ್ರಸಂಗದ ನಂತರ ನಾನು ಇಲ್ಲಿಗೆ ಬಂದೆ. ಹೆಚ್ಚಿನವರಿಗೆ ನಾನು ಹೇಳುವುದೂ ಇದನ್ನೇ. ದಾಳಗಳೆಲ್ಲ ಮೇಜಿನ ನಡುವೆ ಒಂದು ಊಟದ ತಟ್ಟೆಯಲ್ಲಿ ಉರುಳುತ್ತವೆ. ಬಿದ್ದದ್ದು ಬಿತ್ತು. ಮುಚ್ಚಿಡುವುದು ಕತೆಯನ್ನು ಮಾತ್ರ: ಯಾರು ಏನು ಮಾಡಿದರು, ಯಾಕೆ, ಯಾವ ಬಾಗಿಲ ಹಿಂದೆ ಏನಿದೆ. ಪಾತ್ರ ಸಾಯುವ ಭಯ ಇಲ್ಲಿ ನಿಜವಾದದ್ದು. ಅದರಿಂದಲೇ ಜನ ಹುಷಾರಾಗಿ ಆಡುತ್ತಾರೆ. ಓಡಿಹೋಗುವುದೂ ಒಂದು ಉಪಾಯ ಅಂತ ಅವರಿಗೆ ಹೊಳೆಯುವುದು ಆವಾಗಲೇ.

ಕಷ್ಟ ಇರುವುದು ಇನ್ನೊಂದು ಕಡೆ. ಕತೆಯ ಗುಟ್ಟನ್ನು ಯಾರೂ ಪತ್ತೆಯೇ ಹಚ್ಚದಿದ್ದರೆ? 1981ರಲ್ಲಿ ಕೇಯಾಸಿಯಂ ಕಂಪನಿ ತಂದ ಕಾಲ್ ಆಫ್ ಕ್ತುಲು ಇಂಥ ಪತ್ತೇದಾರಿ ಮತ್ತು ಭಯದ ಆಟ. ಸಾಮಾನ್ಯವಾಗಿ 1920ರ ದಶಕದಲ್ಲಿ ನಡೆಯುತ್ತದೆ. ನಾನು ಅದನ್ನು ಸಕಲೇಶಪುರದ ಕಾಫಿ ತೋಟದ ದೊರೆ ಬಂಗಲೆಗೆ ತಂದೆ. ಮುಖ್ಯ ಸುಳಿವು ಒಂದು ಕೂಲಿ ಲೆಕ್ಕದ ಪುಸ್ತಕದಲ್ಲಿತ್ತು. ಹುಡುಕಲು ದಾಳ ಹಾಕಿದರು, ಸೋತರು. ಮತ್ತೊಬ್ಬಳು ಹಾಕಿದಳು, ಅವಳೂ ಸೋತಳು. ಆಮೇಲೆ ಎರಡು ಗಂಟೆ ಬಂಗಲೆಯ ಸುತ್ತ ಸುಮ್ನೆ ಸುತ್ತಿದರು. ಹೊರಗೆ ಮಳೆ, ಒಳಗೆ ಆಕಳಿಕೆ. ತಪ್ಪು ನನ್ನದೇ.

ಇದಕ್ಕೆ ಮದ್ದು ಇದೆ. ಜಸ್ಟಿನ್ ಅಲೆಕ್ಸಾಂಡರ್ ಅನ್ನುವ ಆಟದ ಬರಹಗಾರರ ಮೂರು ಸುಳಿವಿನ ನಿಯಮ: ಆಟಗಾರರಿಗೆ ಗೊತ್ತಾಗಲೇಬೇಕಾದ ಪ್ರತಿ ಸಂಗತಿಗೂ ಕನಿಷ್ಠ ಮೂರು ಸುಳಿವು ಇಡಿ. ಒಂದನ್ನು ನೋಡುವುದಿಲ್ಲ, ಇನ್ನೊಂದನ್ನು ತಪ್ಪು ತಿಳಿಯುತ್ತಾರೆ, ಮೂರನೆಯದು ಕೈಹಿಡಿಯುತ್ತದೆ. ರಾಬಿನ್ ಲಾಸ್ ಅವರ ಗಮ್‌ಶೂ ಪದ್ಧತಿ ಇನ್ನೂ ಒಂದು ಹೆಜ್ಜೆ ಮುಂದೆ. ಸರಿಯಾದ ಜಾಗದಲ್ಲಿ ಸರಿಯಾದ ವಿದ್ಯೆ ಇರುವವರು ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತದೆ, ದಾಳವೇ ಬೇಡ. ಈಗ ನಾನು ಯಾವ ಆಟ ನಡೆಸಿದರೂ ಹೀಗೇ ಮಾಡುತ್ತೇನೆ. ಲೆಕ್ಕದ ಪುಸ್ತಕ ಸಿಗಲಿಲ್ಲವಾ? ರೈಟರ ಹೆಂಡತಿಗೆ ಆ ಲೆಕ್ಕ ಬಾಯಿಪಾಠ ಇರುತ್ತದೆ.

ನಮ್ಮ ಕಡೆ ಆಡುವವರಿಗೆ ಇನ್ನೊಂದು ಮಾತು. ಕತೆಯನ್ನು ನಮ್ಮ ಜಿಲ್ಲೆಯಲ್ಲೇ ಇಟ್ಟರೆ ಜಾಗವನ್ನು ಗುಟ್ಟು ಮಾಡಲು ಆಗುವುದಿಲ್ಲ. ಮಂಜರಾಬಾದ್ ಕೋಟೆಯಲ್ಲಿ ಒಂದು ಆಟ ಇಟ್ಟಿದ್ದೆ. ಟಿಪ್ಪು ಕಟ್ಟಿಸಿದ, ನಕ್ಷತ್ರದ ಆಕಾರದ ಕೋಟೆ. ನಾನು ನಕ್ಷೆಯನ್ನು ಬಚ್ಚಿಟ್ಟುಕೊಂಡು ಕೂತಿದ್ದರೆ ಸಕಲೇಶಪುರದ ಹುಡುಗ, "ಸಾರ್, ನೆಲಮಾಳಿಗೆ ಮೆಟ್ಟಿಲು ಆ ಕಡೆ ಅಲ್ಲ, ಚಿಕ್ಕವನಿದ್ದಾಗಿಂದ ನೋಡಿದೀನಿ" ಅಂದ. ಅವತ್ತಿನಿಂದ ಜಾಗ ಬಯಲು, ಜನ ಗುಟ್ಟು. ಕೋಟೆ ಎಲ್ಲರಿಗೂ ಗೊತ್ತು. ರಾತ್ರಿ ಅಲ್ಲಿ ಲಾಂದ್ರ ಹಿಡಿದು ನಿಂತವನು ಯಾರು ಅನ್ನುವುದು ಗೊತ್ತಿಲ್ಲ.

ಲೋಟದ ಕೆಳಗಿನ ದಾಳ

ಬಯಲು ದಾಳಕ್ಕೆ ಒಂದು ನಿಜವಾದ ಕೊರತೆ ಇದೆ. ಅಂಗಡಿಯವನು ಸುಳ್ಳು ಹೇಳುತ್ತಿದ್ದಾನಾ ಅಂತ ನೋಡಲು ಆಟಗಾರ ದಾಳ ಹಾಕುತ್ತಾನೆ. 2 ಬೀಳುತ್ತದೆ. ನೀವು "ಒಳ್ಳೆಯವನ ಹಾಗೆ ಕಾಣ್ತಾನೆ" ಅನ್ನುತ್ತೀರಿ. ಮೇಜಿನ ಸುತ್ತ ನಗು. ಯಾಕೆಂದರೆ ಬಿದ್ದದ್ದು 2 ಅಂತ ಎಲ್ಲರಿಗೂ ಕಂಡಿದೆ, ಅವನನ್ನು ಇನ್ನು ಯಾರೂ ನಂಬುವುದಿಲ್ಲ. ಪಾತ್ರಕ್ಕೆ ಗೊತ್ತಿಲ್ಲದ್ದು ಆಟಗಾರನಿಗೆ ಗೊತ್ತಾಗಿಬಿಟ್ಟಿತು.

2019ರಲ್ಲಿ ಬಂದ ಪಾತ್‌ಫೈಂಡರ್ ಎರಡನೇ ಆವೃತ್ತಿ ಇದನ್ನು ನಿಯಮವಾಗಿಯೇ ಬರೆದಿದೆ. ಕೆಲವು ಕೆಲಸಗಳಿಗೆ "ಗುಟ್ಟು" ಅಂತ ಗುರುತು ಹಾಕಿದೆ. ಎದುರಿನವನ ಮನಸ್ಸು ಓದುವುದು, ಹಳೆಯ ವಿಷಯ ನೆನಪು ಮಾಡಿಕೊಳ್ಳುವುದು ಇಂಥವು. ಅವಕ್ಕೆ ದಾಳ ಹಾಕುವವರು ಗೇಮ್ ಮಾಸ್ಟರ್, ಅದೂ ಮರೆಯಲ್ಲಿ. ತೀರಾ ಕೆಟ್ಟದಾಗಿ ಬಿದ್ದರೆ ಸುಳ್ಳು ಮಾಹಿತಿಯೂ ಸಿಗಬಹುದು. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯಲ್ಲಿ ಇನ್ನೊಂದು ಉಪಾಯ ಇದೆ. ಪ್ರತಿ ಪಾತ್ರದ ಗಮನಶಕ್ತಿಗೆ 10 ಸೇರಿಸಿ ಮೊದಲೇ ಒಂದು ಸಂಖ್ಯೆ ಬರೆದಿಟ್ಟುಕೊಳ್ಳುವುದು. ಪೊದೆಯ ಹಿಂದೆ ಯಾರೋ ಇದ್ದರೆ ಆ ಸಂಖ್ಯೆಯನ್ನು ಮನಸ್ಸಿನಲ್ಲೇ ನೋಡಿಕೊಂಡರೆ ಆಯಿತು. "ಎಲ್ಲರೂ ದಾಳ ಹಾಕಿ" ಅಂದ ತಕ್ಷಣ ಅಲ್ಲೇನೋ ಇದೆ ಅಂತ ಗೊತ್ತಾಗುತ್ತದಲ್ಲ, ಆ ಪೇಚು ಇಲ್ಲ.

ನಮ್ಮ ಮನೆಯಲ್ಲಿ ಇದಕ್ಕೆ ಪರದೆ ಬದಲು ಸ್ಟೀಲ್ ಲೋಟ. ಆಟಗಾರನೇ ದಾಳವನ್ನು ಲೋಟದೊಳಗೆ ಹಾಕಿ, ಕುಲುಕಿ, ಬೋರಲು ಹಾಕುತ್ತಾನೆ. ಯಾರೂ ನೋಡುವುದಿಲ್ಲ. ನಾನು ಮಾತ್ರ ಒಂದು ಬದಿ ಎತ್ತಿ ಇಣುಕಿ ಉತ್ತರ ಹೇಳುತ್ತೇನೆ. ಲೋಟ ಅಲ್ಲೇ ಇರುತ್ತದೆ. ಅಂಗಡಿಯವನ ಬಣ್ಣ ಬಯಲಾದ ದಿನ ಲೋಟ ಎತ್ತಿ ಎಲ್ಲರಿಗೂ ತೋರಿಸುವುದು. ಮುಚ್ಚಿದ್ದಕ್ಕೆ ಮುಚ್ಚಿದಂತೆಯೂ ಆಯಿತು, ನಾನು ಬದಲಿಸಿಲ್ಲ ಅನ್ನುವುದಕ್ಕೆ ಸಾಕ್ಷಿಯೂ ಇದೆ. ಒಮ್ಮೆ ಬೇಲೂರು ಕಡೆಯ ಮೇಷ್ಟ್ರೊಬ್ಬರು ಮಾತಿನ ಭರದಲ್ಲಿ ಕಾಫಿ ಅಂತ ಅದನ್ನೇ ಎತ್ತಿಬಿಟ್ಟರು. ಈಗ ಗುಟ್ಟಿನ ಲೋಟಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದೇವೆ.

ಸಾವಿನ ದಾಳಕ್ಕೂ ಇದು ಚೆನ್ನಾಗಿ ಹೊಂದುತ್ತದೆ. ಐದನೇ ಆವೃತ್ತಿಯಲ್ಲಿ ಜೀವ ಸೊನ್ನೆಗೆ ಬಂದ ಪಾತ್ರ ತನ್ನ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳ ಹಾಕಬೇಕು. 10 ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆಯಾದರೆ ಒಂದು ಸೋಲು. ಮೂರು ಸೋಲಾದರೆ ಮುಗಿಯಿತು. ಬಯಲಲ್ಲಿ ಹಾಕಿದರೆ ಗೆಳೆಯರು ಲೆಕ್ಕ ಮಾಡುತ್ತಾರೆ: "ಇನ್ನೂ ಎರಡು ಸಲ ಇದೆ, ಆಮೇಲೆ ನೋಡಿಕೊಳ್ಳೋಣ." ಲೋಟದ ಕೆಳಗಿದ್ದರೆ ಬಿದ್ದವನ ಹತ್ತಿರ ಓಡುತ್ತಾರೆ. ಓಡಿದವರೇ ಲೋಟ ಎತ್ತಬೇಕು ಅನ್ನುವುದು ನಮ್ಮ ಮನೆಯ ನಿಯಮ.

ಕೊರತೆ ಏನೆಂದರೆ ನಿಧಾನ. ಎಲ್ಲದಕ್ಕೂ ಲೋಟ ಇಟ್ಟರೆ ಆಟ ತೆವಳುತ್ತದೆ. ಒಂದು ಸಂಜೆಗೆ ಮೂರ್ನಾಲ್ಕು ಸಲ ಸಾಕು.

ಗುಟ್ಟೇ ಇಲ್ಲ ಅನ್ನುವವರು

ಇದನ್ನು ಕೇಳಿದ ಕೂಡಲೇ ಹೊಸಬರು, "ಎಲ್ಲ ಹೇಳಿಬಿಟ್ಟರೆ ಮಜಾ ಏನು ಉಳಿಯಿತು?" ಅನ್ನುತ್ತಾರೆ. ಕೊಪ್ಪ, ಶೃಂಗೇರಿ ಕಡೆ ತಾಳಮದ್ದಲೆಗೆ ಕೂತವರನ್ನು ಕೇಳಿ. ಕರ್ಣ ಸಾಯುತ್ತಾನೆ ಅಂತ ಕೂತಿರುವ ಮಗುವಿಗೂ ಗೊತ್ತು. ಆದರೂ ರಾತ್ರಿಯೆಲ್ಲ ಕೂರುತ್ತಾರೆ. ಸಾಯುವ ಮುಂಚೆ ಕರ್ಣನ ಅರ್ಥಧಾರಿ, ಅಂದರೆ ಅವನ ಪಾತ್ರವಾಗಿ ಮಾತಾಡುವವನು, ಕೃಷ್ಣನಿಗೆ ಏನು ಹೇಳುತ್ತಾನೆ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ, ಅವನಿಗೂ ಪೂರ್ತಿ ಗೊತ್ತಿಲ್ಲ.

ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದ ಡಾರ್ಕ್ ಆಟ ಈ ಕಡೆ ವಾಲುತ್ತದೆ. ದಾಳ ಹಾಕುವ ಮೊದಲೇ ಎಷ್ಟು ಅಪಾಯ, ಎಷ್ಟು ಲಾಭ ಅಂತ ಮಾತಾಡಿ ತೀರ್ಮಾನವಾಗುತ್ತದೆ. ಬರುತ್ತಿರುವ ಗಂಡಾಂತರವನ್ನು ಒಂದು ವೃತ್ತ ಬರೆದು, ನಾಲ್ಕೋ ಆರೋ ಎಂಟೋ ಹೋಳು ಮಾಡಿ, ಎಲ್ಲರೆದುರು ಒಂದೊಂದಾಗಿ ತುಂಬಿಸುತ್ತಾರೆ. ಇದನ್ನು ಗಡಿಯಾರ ಅನ್ನುತ್ತಾರೆ. ನಾನು ಇದನ್ನು ಶೆಟ್ಟಿಹಳ್ಳಿ ಚರ್ಚಿನ ಆಟಕ್ಕೆ ಬಳಸಿದೆ. ಗೊರೂರು ಅಣೆಕಟ್ಟಿನ ಹಿನ್ನೀರು ಮಳೆಗಾಲದಲ್ಲಿ ಆ ಪಾಳುಚರ್ಚನ್ನು ಅರ್ಧ ಮುಳುಗಿಸುವುದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಎಂಟು ಹೋಳಿನ ವೃತ್ತ. ಹೇಮಾವತಿ ಏರಿದಂತೆಲ್ಲ ನೀಲಿ ಸ್ಕೆಚ್ ಪೆನ್ನಿನಲ್ಲಿ ಒಂದು ಹೋಳು. ಆರನೇ ಹೋಳು ತುಂಬಿದಾಗ ಹುಡುಗರ ಬಾಯಲ್ಲಿ ಮಾತೇ ಇರಲಿಲ್ಲ. ನಾನು ಗುಟ್ಟಾಗಿ ನೀರು ಏರಿಸಿ, ಕೊನೆಗೆ "ಮುಳುಗಿದಿರಿ" ಅಂದಿದ್ದರೆ ಜಗಳ ಆಗುತ್ತಿತ್ತು.

ಹೊರೆ ಕಡಿಮೆ, ನಂಬಿಕೆ ಜಾಸ್ತಿ. ಆದರೆ ಇದು ತನ್ನ ಪಾತ್ರ ಸೋತರೂ ನಗಬಲ್ಲ ಆಟಗಾರರಿಗೆ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಆಡಲು ಬರಬೇಕು. ಗೆಲ್ಲಲೇಬೇಕು ಅಂತ ಕೂತವರಿಗೆ ಹಿಂಸೆ. ಪತ್ತೇದಾರಿ ಕತೆಗಂತೂ ಹೊಂದುವುದೇ ಇಲ್ಲ.

ನಡೆಸುವವರಿಗೂ ಗೊತ್ತಿಲ್ಲದ ಗುಟ್ಟು

ಬ್ರಿಂಡಲ್‌ವುಡ್ ಬೇ ಅನ್ನುವ ಆಟದಲ್ಲಿ ವಯಸ್ಸಾದ ಹೆಂಗಸರು ಕೊಲೆಗಳನ್ನು ಪತ್ತೆ ಮಾಡುತ್ತಾರೆ. ತಮಾಷೆ ಏನೆಂದರೆ ಕೊಲೆಗಾರ ಯಾರು ಅಂತ ಮೊದಲೇ ನಿಗದಿಯಾಗಿರುವುದಿಲ್ಲ. ಸುಳಿವುಗಳನ್ನು ಜೋಡಿಸಿ ಆಟಗಾರರೇ ಒಂದು ವಾದ ಕಟ್ಟುತ್ತಾರೆ, ಅದು ಸರಿಯಾ ಅಂತ ದಾಳ ಹೇಳುತ್ತದೆ. ತಯಾರಿ ಮಾಡಿಕೊಳ್ಳಲು ಪುರುಸೊತ್ತಿಲ್ಲದವರಿಗೆ ಒಳ್ಳೆಯದು. ಆದರೆ ಇದನ್ನು ಆಟಗಾರರಿಗೆ ಮೊದಲೇ ಹೇಳಿಬಿಡಿ. ಮೂಡಿಗೆರೆಯಿಂದ ಬರುವ ಹುಡುಗಿಯೊಬ್ಬಳು ಆಟದ ನಡುವೆ ಇದು ಗೊತ್ತಾಗಿ, "ಹಾಗಾದ್ರೆ ನಾವು ಇಷ್ಟೊತ್ತು ಹುಡುಕಿದ್ದೇನು?" ಅಂತ ಪೆನ್ಸಿಲ್ ಕೆಳಗಿಟ್ಟಳು. ಅವಳದು ತಪ್ಪಲ್ಲ.

ಆಟಗಾರರು ಒಬ್ಬರಿಗೊಬ್ಬರು ಗುಟ್ಟು ಇಟ್ಟುಕೊಳ್ಳುವ ಆಟಗಳೂ ಇವೆ. 1984ರ ಪ್ಯಾರನಾಯಾ ಪೂರ್ತಿ ಅದರ ಮೇಲೇ ನಿಂತಿದೆ. ಒಂದು ಸಂಜೆಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ವರ್ಷಗಟ್ಟಲೆ ಆಡುವ ತಂಡದಲ್ಲಿ ಮಾತ್ರ ವಾಟ್ಸಾಪ್‌ನಲ್ಲಿ ಒಬ್ಬೊಬ್ಬರಿಗೇ ಗುಟ್ಟು ಕಳಿಸುವ ಚಟ ಬೇಡ. ಮಿಕ್ಕವರು ಫೋನ್ ನೋಡುತ್ತಾ ಕೂರುತ್ತಾರೆ.

ದುಡ್ಡಿನ ಮಾತು

ಅಚ್ಚಾದ ಪುಸ್ತಕ ತರಿಸಿದರೆ ಸಾವಿರಗಟ್ಟಲೆ ಆಗುತ್ತದೆ. ಅವಸರ ಬೇಡ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ ಮೂಲ ನಿಯಮಗಳನ್ನು 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟಿದ್ದಾರೆ, ಪುಕ್ಕಟೆ. ಪಾತ್‌ಫೈಂಡರ್ ನಿಯಮಗಳೂ ನೆಟ್‌ನಲ್ಲಿ ಪುಕ್ಕಟೆ ಓದಲು ಸಿಗುತ್ತವೆ. ಕಾಲ್ ಆಫ್ ಕ್ತುಲುಗೆ ಪುಕ್ಕಟೆ ಕಿರುಪುಸ್ತಕ ಇದೆ. ಎಲ್ಲ ಇಂಗ್ಲಿಷಿನಲ್ಲಿ. ಆದರೆ ನಿಯಮ ಓದಬೇಕಾದವರು ನೀವೊಬ್ಬರೇ, ಆಟ ಕನ್ನಡದಲ್ಲೇ ನಡೆಯಲಿ. ಪರದೆಗೆ ಸ್ಟೇಷನರಿ ಅಂಗಡಿಯ ಎರಡು ರಟ್ಟಿನ ಫೈಲು, ಒಂದು ಕ್ಲಿಪ್ ಸಾಕು. ದಾಳ ಇಲ್ಲದಿದ್ದರೆ ಫೋನಿನ ಆ್ಯಪ್. ಅದೂ ಬೇಡ ಅಂದರೆ 1ರಿಂದ 20ರ ತನಕ ಚೀಟಿ ಬರೆದು ಡಬ್ಬಿಗೆ ಹಾಕಿ. ನಾಚಿಕೆ ಬೇಡ, 1979ರ ಸುಮಾರಿಗೆ ದಾಳಗಳ ಕೊರತೆ ಬಂದಾಗ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಪೆಟ್ಟಿಗೆಯಲ್ಲೇ ಸಂಖ್ಯೆ ಅಚ್ಚಾದ ಚೀಟಿಗಳನ್ನು ಇಟ್ಟು ಮಾರಿದ್ದರು.

ಹಾಗಾದರೆ ಯಾರಿಗೆ ಯಾವುದು

ಚಿಕ್ಕಮಗಳೂರಿನವರು ಕಾಲೇಜು ಹುಡುಗರ ತಂಡ ಕಟ್ಟುತ್ತಿದ್ದಾರೆ. ಆ ವಯಸ್ಸಿನವರು ಪ್ರತಿ ಅಂಕವನ್ನೂ ಲೆಕ್ಕ ಹಾಕುತ್ತಾರೆ. ಅವರಿಗೆ ದಾಳ ಬಯಲು, ಕತೆ ಗುಟ್ಟು, ಜೊತೆಗೊಂದು ಲೋಟ. ಸಕಲೇಶಪುರದ ಒಬ್ಬರ ಮನೆಯಲ್ಲಿ ಏಳು ಮತ್ತು ಒಂಬತ್ತು ವರ್ಷದ ಮಕ್ಕಳು. ಪರದೆ ಇಡಿ, ಧಾರಾಳವಾಗಿ ಕಾಪಾಡಿ, ದೊಡ್ಡವನಿಗೆ ಲೆಕ್ಕ ಬಂದ ದಿನ ಪರದೆ ತೆಗೆಯಿರಿ. ಇನ್ನೊಬ್ಬರು ತೋಟದ ಕೆಲಸ ಮುಗಿಸಿ ತಿಂಗಳಿಗೊಮ್ಮೆ ಹಳೆಯ ಗೆಳೆಯರ ಜೊತೆ ಕೂರುವವರು, ಟಿಪ್ಪಣಿ ಬರೆಯಲು ಪುರುಸೊತ್ತಿಲ್ಲ. ಅವರು ಗಡಿಯಾರದ ವೃತ್ತ ಬರೆದು ಎಲ್ಲವನ್ನೂ ಬಯಲಲ್ಲೇ ಆಡಲಿ.

ಯಾವುದನ್ನೇ ಆರಿಸಿದರೂ ಒಂದನ್ನು ಮಾತ್ರ ಮುಚ್ಚಬೇಡಿ: ಕತೆಯಲ್ಲಿ ಎಂಥ ವಿಷಯ ಬರುತ್ತದೆ ಅನ್ನುವುದು. ಮಕ್ಕಳ ಸಾವು, ನೀರಿನಲ್ಲಿ ಮುಳುಗುವುದು ಕೆಲವರಿಗೆ ಮನೆಯ ನೋವು. ಮೇಜಿನ ಮೇಲೆ ಗುಣಿಸು ಚಿಹ್ನೆ ಬರೆದ ಒಂದು ಚೀಟಿ ಇಡುವ ಪದ್ಧತಿ ಇದೆ. ಯಾರಾದರೂ ಅದನ್ನು ಮುಟ್ಟಿದರೆ ಆ ದೃಶ್ಯ ಅಲ್ಲಿಗೇ ಬಿಡಬೇಕು, ಕಾರಣ ಕೇಳುವ ಹಾಗಿಲ್ಲ. ಶೆಟ್ಟಿಹಳ್ಳಿ ಆಟದ ದಿನ ನಾನು ಹಾಗೆ ಇಟ್ಟಿದ್ದೆ. ಯಾರೂ ಮುಟ್ಟಲಿಲ್ಲ, ಆದರೂ ಇಟ್ಟದ್ದು ಒಳ್ಳೆಯದೇ ಆಯಿತು.

ಮೊದಲ ದಿನ ಕಾಫಿ ಕೊಡುವ ಹೊತ್ತಿಗೆ ನಾನು ತಂಡಕ್ಕೆ ಹೇಳುವುದು ಇಷ್ಟು, ಬೇಕಾದರೆ ಹೀಗೇ ಬಳಸಿ: "ದಾಳ ಎಲ್ಲ ತಟ್ಟೆಯಲ್ಲಿ, ನಾನೂ ಅಲ್ಲೇ ಹಾಕ್ತೀನಿ. ರಬ್ಬರ್ ಬ್ಯಾಂಡ್ ಇರೋ ಲೋಟ ಮುಟ್ಟಬೇಡಿ, ಅದನ್ನು ಯಾವಾಗ ಎತ್ತೋದು ಅಂತ ಆವಾಗಾವಾಗ ಹೇಳ್ತೀನಿ. ಕತೆ ಒಳಗೆ ನಿಮಗೆ ಸುಳ್ಳು ಹೇಳೋರು ಸಿಗ್ತಾರೆ, ಅದು ಅವರು ಹೇಳೋ ಸುಳ್ಳು, ನಾನಲ್ಲ. ಪಾತ್ರ ಸತ್ರೆ ಸತ್ತ ಹಾಗೇ. ಯಾರಿಗಾದ್ರೂ ಇದು ಬೇಡ ಅನ್ಸಿದ್ರೆ ಈಗಲೇ ಹೇಳಿ, ಬೇರೆ ಥರ ಆಡೋಣ."